ಸುರಂಗದ ನೀರು ಮತ್ತು ಒಂದು ಸೆಕೆಂಡಿನ ಕ್ರಾಸ್‌ಫೇಡ್

ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕದ ಕಡೆ ಪುರೋಹಿತರು, ಅಡುಗೆಯವರು, ಶಾಮಿಯಾನದವರು ಎಲ್ಲ ಗೊತ್ತಾದ ಮೇಲೂ ಸಮಾರಂಭಕ್ಕೆ ಈಗ ಇನ್ನೊಬ್ಬ ಬೇಕಾಗುತ್ತಾನೆ: ಲ್ಯಾಪ್‌ಟಾಪ್ ಇರುವ ನೆಂಟ. ಅವನಿಗೆ ಸಂಬಳವಿಲ್ಲ, ದಕ್ಷಿಣೆಯಿಲ್ಲ, ಆಕ್ಷೇಪಣೆ ಮಾತ್ರ ಧಾರಾಳ. ದೊಡ್ಡಪ್ಪನ ಸಹಸ್ರಚಂದ್ರ ದರ್ಶನಕ್ಕೆ ಆ ಹುದ್ದೆ ನನ್ನ ಪಾಲಿಗೆ ಬಂತು. ಸಾವಿರ ಹುಣ್ಣಿಮೆ ಕಂಡವರ ಬದುಕು ಪರದೆಯ ಮೇಲೆ ಕಾಣಬೇಕು, ಒಂದು ಫೋಟೋ ಕರಗಿ ಇನ್ನೊಂದು ಮೂಡಬೇಕು, ಎಲೆ ಹಾಕುವ ಹೊತ್ತಿಗೆ ಎಲ್ಲ ಮುಗಿದಿರಬೇಕು ಎಂದು ದೊಡ್ಡಮ್ಮನ ಅಪ್ಪಣೆ.

ಕರಗುವುದು, ಮೂಡುವುದು ಬಾಯಲ್ಲಿ ಹೇಳಲು ಸುಲಭ. ಕೈಯಿಂದ ಮಾಡುವುದಾದರೆ ಒಂದು ಫೋಟೋದ ಬಾಲವನ್ನು ಎಳೆದು ಮುಂದಿನದರ ತಲೆಯ ಮೇಲೆ ಹತ್ತಿಸಬೇಕು. ಎರಡೂ ಜೊತೆಗಿರುವ ಆ ಒಂದು ಸೆಕೆಂಡಿನಲ್ಲಿ, ಅಂದರೆ 25 ಫ್ರೇಮುಗಳಲ್ಲಿ, ಮೊದಲನೆಯದು ನೂರರಿಂದ ಸೊನ್ನೆಗೆ ಇಳಿಯುತ್ತದೆ, ಎರಡನೆಯದು ಸೊನ್ನೆಯಿಂದ ನೂರಕ್ಕೆ ಏರುತ್ತದೆ. ಟ್ರಂಕಿನ ಆಲ್ಬಮ್ಮುಗಳಿಂದ, ವಾಟ್ಸಾಪಿನಿಂದ ಹೆಕ್ಕಿದ ಫೋಟೋಗಳು 240. ನಡುವಿನ ಸಂದುಗಳು 239.

ಅಕ್ಕನ ಮಗಳು ಹತ್ತನೆಯ ತರಗತಿ. ಕೇರಳದ ಸರಕಾರಿ, ಅನುದಾನಿತ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ಲಿನಕ್ಸ್‌ನಲ್ಲೇ ನಡೆಯುತ್ತದೆ. ಇವಳು ಲಿಟಲ್ ಕೈಟ್ಸ್ ಎಂಬ ಶಾಲಾ ಕಂಪ್ಯೂಟರ್ ಕೂಟದ ಸದಸ್ಯೆ ಬೇರೆ. ನಾನು ಬಾಲ ಎಳೆಯುವುದನ್ನು ಸ್ವಲ್ಪ ಹೊತ್ತು ನೋಡಿದಳು. "ಮಾವ, ಯಾರಾದರೂ ಇದನ್ನು ಕೈಯಲ್ಲಿ ಮಾಡುತ್ತಾರೆಯೇ?" ಎಂದು ಲ್ಯಾಪ್‌ಟಾಪನ್ನು ತನ್ನತ್ತ ತಿರುಗಿಸಿಕೊಂಡಳು. ಕೆಡೆನ್‌ಲೈವ್ ಎಂಬ ವಿಡಿಯೋ ಜೋಡಿಸುವ ತಂತ್ರಾಂಶದಲ್ಲಿ ಸ್ಲೈಡ್‌ಶೋ ಎಂಬ ಒಂದು ಸೌಕರ್ಯವಿದೆ. ಫೋಲ್ಡರ್ ತೋರಿಸಿ, ಚಿತ್ರಕ್ಕೆ 5 ಸೆಕೆಂಡ್ ಎಂದು ಬರೆದು, ಕ್ರಾಸ್‌ಫೇಡ್ ಎಂಬಲ್ಲಿ ಗುರುತು ಹಾಕಿ 1 ಸೆಕೆಂಡ್ ಎಂದರೆ ಮುಗಿಯಿತು. 20 ನಿಮಿಷದ ದೊಡ್ಡಪ್ಪ ತಯಾರು.

ತಯಾರಾದ ದೊಡ್ಡಪ್ಪ ಮೊದಲು ಬ್ರಹ್ಮಚಾರಿ, ಆಮೇಲೆ ಮೊಮ್ಮಕ್ಕಳ ಅಜ್ಜ, ಅನಂತರ ಮದುಮಗ. ಕಂಪ್ಯೂಟರಿಗೆ 1 ಆದ ಮೇಲೆ 10, ಆಮೇಲೆ 100, ಅನಂತರವೇ 2. ಅದು ಅಂಕಿಗಳನ್ನು ಅಕ್ಷರಗಳಂತೆ ಓದುತ್ತದೆ. 001, 002 ಎಂದು ಸೊನ್ನೆ ತುಂಬಿಸಿದ ಮೇಲೆ ವಯಸ್ಸು ದಾರಿಗೆ ಬಂತು. ಅಮೆರಿಕದ ಭಾವ ಕಳುಹಿಸಿದ ಫೋಟೋಗಳು ಮಾತ್ರ ಒಂದೂ ಬಂದಿರಲಿಲ್ಲ. ಅವು ಪಿಎನ್‌ಜಿ, ನಾವು ಕೂರಿಸಿದ್ದು ಜೆಪೆಗ್ ಪಂಕ್ತಿ. ಬೇರೆ ಜಾತಿಯ ಫೈಲಿಗೆ ಅಲ್ಲಿ ಎಲೆ ಹಾಕುವುದಿಲ್ಲ. ಪಂಕ್ತಿಭೇದ ನಮ್ಮ ಊರಿನಲ್ಲಿ ಕಡಿಮೆಯಾದದ್ದು ಎಲ್ಲಿಗೆ ಹೋಯಿತು ಎಂದು ಈಗ ತಿಳಿಯಿತು.

ನಿಜವಾದ ಕಥೆ ಶುರುವಾದದ್ದು ದೊಡ್ಡಮ್ಮ ನೋಡಲು ಕುಳಿತ ಮೇಲೆ. ಅಜ್ಜನ ಫೋಟೋ ಗೋಡೆಯಿಂದ ಇಳಿಸದೆ ಮೊಬೈಲಿನಲ್ಲಿ ತೆಗೆದದ್ದು. ಅದರಲ್ಲಿ ಗಾಜಿನ ಮೇಲಿನ ಗಂಧದ ಬೊಟ್ಟು, ಚೌಕಟ್ಟಿಗೆ ಹಾಕಿದ ಮಾಲೆ, ಕೆಳಗಿನ ಕೆಂಪು ಬಲ್ಬು ಎಲ್ಲ ಸ್ಪಷ್ಟ. ಅಜ್ಜ ಕರಗತೊಡಗಿದರು, ದೊಡ್ಡಪ್ಪ ಮೂಡತೊಡಗಿದರು. ಅರ್ಧ ದಾರಿಯಲ್ಲಿ ಮಾಲೆ ದೊಡ್ಡಪ್ಪನ ಕೊರಳಲ್ಲಿತ್ತು, ಬೊಟ್ಟು ಹಣೆಯಲ್ಲಿತ್ತು.

"ಬಿಡ್ತು, ಬಿಡ್ತು! ಇವರಿಗೆ ಮಾಲೆ ಹಾಕಿದ್ದು ಯಾರು?" ಎಂದು ದೊಡ್ಡಮ್ಮ ಎದ್ದೇ ಬಿಟ್ಟರು. ಆಯುಷ್ಯ ಹೆಚ್ಚಲೆಂದು ಮಾಡುವ ಶಾಂತಿಗೆ ಇದು ಶೋಭೆಯಲ್ಲ ಎಂದು ನಾನೂ ಒಪ್ಪಿದೆ. ಒಪ್ಪುವಷ್ಟರಲ್ಲಿ ಚಿಕ್ಕಪ್ಪ ಬಂದರು. ಮನೆಗಲ್ಲ, ಪರದೆಗೆ.

ದೊಡ್ಡಪ್ಪನಿಗೂ ಚಿಕ್ಕಪ್ಪನಿಗೂ ಮಾತು ನಿಂತು ಹಲವು ಬೇಸಿಗೆಗಳಾದವು. ಗುಡ್ಡದ ಮುರಕಲ್ಲನ್ನು ಅಡ್ಡಲಾಗಿ ಕೊರೆದು ಒಳಗೆ ಹೋದ ಸುರಂಗವೊಂದಿದೆ, ಅಜ್ಜನ ಕಾಲದ್ದು. ಅದರಿಂದ ಹರಿದು ಕೆರೆಯಲ್ಲಿ ನಿಲ್ಲುವ ನೀರು ರಾತ್ರಿಯ ಹೊತ್ತು ಯಾರ ಅಡಿಕೆ ತೋಟಕ್ಕೆ ಎಂಬುದೇ ತಕರಾರು. ಹೇಳಬೇಕಾದದ್ದನ್ನು ಇಬ್ಬರೂ ಜಗಲಿಯ ಕಂಬಕ್ಕೆ ಹೇಳುತ್ತಾರೆ, ಕಂಬದಿಂದಲೇ ಕೇಳಿಸಿಕೊಳ್ಳುತ್ತಾರೆ. ಆದರೆ ಪ್ರಾಯದಲ್ಲಿ ಇಬ್ಬರೂ ಒಂದೇ ಸ್ಟುಡಿಯೋದಲ್ಲಿ, ಒಂದೇ ಸ್ಟೂಲಿನ ಮೇಲೆ ಒಬ್ಬೊಬ್ಬರಾಗಿ ಕುಳಿತು ಫೋಟೋ ತೆಗೆಸಿಕೊಂಡಿದ್ದರು. ಹಾಗಾಗಿ ಕಣ್ಣಿಗೆ ಕಣ್ಣು, ಮೂಗಿಗೆ ಮೂಗು ಸರಿಯಾಗಿ ಕೂತವು. ದೊಡ್ಡಪ್ಪನ ಹಣೆ, ಚಿಕ್ಕಪ್ಪನ ಮೀಸೆ, ಯಾರದೆಂದು ಹೇಳಲಾಗದ ಒಂದು ನಗು: ಮನೆತನದಲ್ಲಿ ಹುಟ್ಟದೇ ಇದ್ದ ಒಬ್ಬ ಅಣ್ಣತಮ್ಮ ಅರೆಕ್ಷಣ ಪರದೆಯ ಮೇಲೆ ಕುಳಿತು ಎದ್ದು ಹೋದ. ದೊಡ್ಡಮ್ಮ ಈ ಸಲ ಬಿಡ್ತು ಎನ್ನಲಿಲ್ಲ. "ಇದನ್ನು ತೋರಿಸಿದರೆ ಊಟಕ್ಕೆ ಮೊದಲೇ ಒಬ್ಬರು ಎದ್ದು ಹೋಗುತ್ತಾರೆ" ಎಂದರು.

ಯಂತ್ರಕ್ಕೆ ಎಲ್ಲರೂ ಒಂದೇ. ಯಾರು ಯಾರಲ್ಲಿ ಕರಗಬಹುದು ಎಂಬ ಕಟ್ಟಳೆ ಅದಕ್ಕೆ ಗೊತ್ತಿಲ್ಲ, ಹೇಳಿಕೊಡಲು ಗುಂಡಿಯೂ ಇಲ್ಲ. ಅಕ್ಕನ ಮಗಳು ಮಾತ್ರ ಉಪಾಯ ತೆಗೆದಳು. ಬರೀ ಕಪ್ಪಾದ ಒಂದು ಜೆಪೆಗ್ ಮಾಡಿ, ಬೇಕಾದ ಕಡೆ ನಡುವಿನ ನಂಬರು ಕೊಟ್ಟು ಫೋಲ್ಡರಿಗೆ ಸೇರಿಸಿದಳು. ಕಪ್ಪೂ ಒಂದು ಫೋಟೋ ಎಂದುಕೊಂಡು ಯಂತ್ರ ಅಜ್ಜನನ್ನು ಕತ್ತಲೆಯಲ್ಲಿ ಕರಗಿಸಿತು, ಕತ್ತಲೆಯಿಂದ ದೊಡ್ಡಪ್ಪನನ್ನು ಎಬ್ಬಿಸಿತು. ಸುದ್ದಿ ಹಬ್ಬಿತು. ಅತ್ತೆ ಫೋನು ಮಾಡಿ ತನಗೂ ತನ್ನ ನಾದಿನಿಗೂ ನಡುವೆ ಒಂದು ಕಪ್ಪು ಬೇಕೆಂದರು. ನಾದಿನಿ ಎರಡು ಕೇಳಿದರು. ನಮ್ಮ ಮನೆತನವನ್ನು ಅರಿಯಬೇಕಾದವರು ವಂಶವೃಕ್ಷ ನೋಡುವ ಬದಲು ಆ ಫೋಲ್ಡರಿನಲ್ಲಿ ಕಪ್ಪು ಎಲ್ಲೆಲ್ಲಿ ಬಿದ್ದಿದೆ ಎಂದು ನೋಡಿದರೆ ಸಾಕು.

ಸಮಾರಂಭದ ದಿನ ಪರದೆ ಚೆನ್ನಾಗಿ ಕಾಣಲೆಂದು ಚಪ್ಪರದ ದೀಪಗಳನ್ನು ಆರಿಸಿದ್ದರು. ಅಜ್ಜ ಕರಗಿ ಮೊದಲ ಕತ್ತಲೆ ಬಂದಾಗ ಹಿಂದಿನ ಸಾಲಿನಿಂದ "ಕರೆಂಟ್ ಹೋಯಿತು" ಎಂಬ ಗುಜುಗುಜು. ದೊಡ್ಡಪ್ಪನ ಸ್ಟುಡಿಯೋ ಫೋಟೋ ಆದ ಮೇಲೆ ಎರಡನೆಯದು ಬಂದಾಗ ಜನರೇಟರಿನವನು ಕಾಯಲಿಲ್ಲ. ಕಪ್ಪು ನಿಲ್ಲುವುದು ನಾಲ್ಕೇ ಸೆಕೆಂಡ್, ಅಷ್ಟರೊಳಗೆ ಅವನು ಸ್ವಿಚ್ಚು ಎಳೆದಾಗಿತ್ತು. ಅಲ್ಲಿಯವರೆಗೆ ಹೋಗದಿದ್ದ ಕರೆಂಟ್ ಆಗ ಹೋಯಿತು. ಪ್ರೊಜೆಕ್ಟರ್ ಆರಿತು, ಬ್ಯಾಟರಿ ಇರುವ ಲ್ಯಾಪ್‌ಟಾಪ್ ಮಾತ್ರ ತನ್ನ ಪಾಡಿಗೆ ಓಡುತ್ತಿತ್ತು. ಪ್ರೊಜೆಕ್ಟರ್ ಮತ್ತೆ ಬೆಳಗುವಷ್ಟರಲ್ಲಿ ಚಿಕ್ಕಪ್ಪ ಬಂದು ಹೋಗಿ ಆಗಿತ್ತು.

ನಾಲ್ಕನೆಯ ಸಾಲಿನಲ್ಲಿದ್ದ ಚಿಕ್ಕಪ್ಪ ಎದ್ದು ಶಾಮಿಯಾನದ ಕಂಬದ ಬಳಿ ನಿಂತರು. "ನನ್ನ ಫೋಟೋ ಬರುವಾಗಲೇ ಕರೆಂಟ್ ತೆಗೆಸಿದ್ದು ಯಾರೆಂದು ಗೊತ್ತಾಗದಷ್ಟು ದಡ್ಡ ನಾನಲ್ಲ" ಎಂದು ಕಂಬಕ್ಕೆ ಹೇಳಿದರು. ಮಂಟಪದಲ್ಲಿದ್ದ ದೊಡ್ಡಪ್ಪ ತಮ್ಮ ಬದಿಯ ಕಂಬಕ್ಕೆ, "ಪುನಃ ಹಾಕಲಿ. ಆ ಕಪ್ಪು ಗಿಪ್ಪು ಏನೂ ಬೇಡ" ಎಂದರು.

ಅಕ್ಕನ ಮಗಳು ಕಪ್ಪು ಸೇರಿಸುವ ಮೊದಲಿನ ಫೈಲನ್ನು ತೆರೆದು, ಮಾಲೆಯ ಜಾಗ ದಾಟಿಸಿ, ಸರಿಯಾಗಿ ಅಣ್ಣತಮ್ಮಂದಿರ ಸಂದಿಗೆ ತಂದು ಬಿಟ್ಟಳು. ದೊಡ್ಡಪ್ಪ ಕರಗಿದರು, ಮೀಸೆ ಮೂಡಿತು, ಹುಟ್ಟದೇ ಇದ್ದವನು ಬಂದು ಕುಳಿತು ಹೋದ. ಚಿಕ್ಕಪ್ಪ ಕನ್ನಡಕ ಸರಿಪಡಿಸಿಕೊಂಡು, ಕಂಬವನ್ನು ಮರೆತು, ನೇರ ಮಂಟಪದತ್ತ ತಿರುಗಿದರು.

"ಅಣ್ಣ, ನಡುವೆ ಬಂದವನು ಯಾರು? ಅವನಿಗೂ ನೀರಿನಲ್ಲಿ ಪಾಲು ಉಂಟೋ?"