ಮೂರನೇ ಸಾಲಿನ ಮಗುವಿಗೂ ಒಂದು ವಾದ್ಯ

ನಮ್ಮ ವಿಜಯಪುರ ಜಿಲ್ಲೆಯ ಹೈಸ್ಕೂಲುಗಳಲ್ಲಿ ಹಾಡುವ ಮಕ್ಕಳಿಗೆ ಬರವಿಲ್ಲ. ಅಷ್ಟೇನೂ ಚೆನ್ನಾಗಿ ಹಾಡದ ಮಕ್ಕಳು ಹಾಡುವುದಕ್ಕೆ ಅಲ್ಲಿ ಜಾಗವಿಲ್ಲ ಎಂಬುದು ನನ್ನ ತಕರಾರು.

ನಾನಿರುವುದು ಅಮೆರಿಕದ ಟೆಕ್ಸಾಸಿನಲ್ಲಿ, ಡಲ್ಲಾಸ್ ನಗರದ ಆಸುಪಾಸಿನ ಒಂದು ಊರಲ್ಲಿ. ಮಗ ಇಲ್ಲಿನ ಸರಕಾರಿ ಹೈಸ್ಕೂಲಿನಲ್ಲಿ ಓದುತ್ತಾನೆ. ತಂಗಿಯ ಮಗಳು ಇಂಡಿ ತಾಲೂಕಿನ ಸರಕಾರಿ ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿ ಮುಗಿಸಿದ್ದಾಳೆ. ಮಗನನ್ನು ಮೈದಾನದ ಅಂಚಿನಲ್ಲಿ ನಿಂತು ನೋಡಿದೆ, ಅವಳನ್ನು ತಂಗಿ ಕಳಿಸಿದ ವಿಡಿಯೊಗಳಲ್ಲಿ ನೋಡಿದೆ. ಇಬ್ಬರ ವರ್ಷವೂ ಹೀಗೆ ಅಕ್ಕಪಕ್ಕ ಬಂದಾಗ ಹೋಲಿಸದೆ ಇರುವುದು ಹೊರನಾಡಿನವರಿಗೆ ಸಾಧ್ಯವಿಲ್ಲ. ಅಮೆರಿಕವೇ ಸ್ವರ್ಗ ಎನ್ನುವವರ ಸಾಲಿಗೂ ನಾನು ಸೇರಿಲ್ಲ, ಊರಲ್ಲಿ ಇದ್ದದ್ದೆಲ್ಲ ಚಿನ್ನ ಎಂದು ಕಣ್ಣೀರು ಹಾಕುವವರ ಸಾಲಿಗೂ ಸೇರಿಲ್ಲ.

ಮಗ ಶಾಲೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ಎಂಬ ಊದುವ ವಾದ್ಯ ನುಡಿಸುತ್ತಾನೆ. ಸಂಗೀತದ ಕಿವಿ ಅಷ್ಟಕ್ಕಷ್ಟೆ, ಅದು ತಂದೆಯ ಕಡೆಯ ಬಳುವಳಿ. ಕ್ಲಾರಿನೆಟ್ ಬಳಗದಲ್ಲಿ ಮೊದಲನೆಯ, ಎರಡನೆಯ, ಮೂರನೆಯ ಭಾಗಗಳೆಂದು ಮೂರು ಇರುತ್ತವೆ. ಮೊದಲಿನವರಿಗೆ ರಾಗದ ಸೊಗಸೆಲ್ಲ ಸಿಗುತ್ತದೆ. ಮೂರನೆಯವರು ಕೆಳಗಿನ ಸ್ವರಗಳನ್ನು ಹಿಡಿದುಕೊಂಡು, ಬೇಕಾದಲ್ಲಿ ಸುಮ್ಮನಿದ್ದು, ಬೇಕಾದಲ್ಲಿ ತುಂಬಿಕೊಡಬೇಕು. ಇವನು ಮೂರನೆಯವನು, ಮೂರನೆಯವನಾಗಿಯೇ ಶಾಲೆ ಮುಗಿಸುವವನು. ಆದರೂ ಗಣಿತ, ವಿಜ್ಞಾನಗಳ ಹಾಗೆಯೇ ಅವನ ವೇಳಾಪಟ್ಟಿಯಲ್ಲಿ ಬ್ಯಾಂಡಿಗೂ ಒಂದು ಅವಧಿ ಇದೆ. ಅದಕ್ಕೆ ಅಂಕವಿದೆ, ಸಂಗೀತವನ್ನೇ ಓದಿಕೊಂಡು ಬಂದ ಶಿಕ್ಷಕರಿದ್ದಾರೆ. ಟೆಕ್ಸಾಸಿನಲ್ಲಿ ಹೈಸ್ಕೂಲು ಮುಗಿಸಬೇಕಾದರೆ ಸಂಗೀತ, ನಾಟಕ, ನೃತ್ಯ, ಚಿತ್ರಕಲೆಗಳಲ್ಲಿ ಯಾವುದಾದರೊಂದರಲ್ಲಿ ಒಂದು ವರ್ಷದ ಪಾಠ ಪೂರೈಸಲೇಬೇಕು. ವಾದ್ಯ ಹಿಡಿಯುವುದು ಆರನೆಯ ತರಗತಿಯಲ್ಲೇ ಶುರುವಾಗುತ್ತದೆ. ಆ ಹಂತದಲ್ಲಿ ಅರವತ್ತು ಮಕ್ಕಳು ಒಟ್ಟಿಗೆ ಊದಿದರೆ ಕೇಳುವವರ ಪಾಡನ್ನು ನಾನು ವರ್ಣಿಸುವುದಿಲ್ಲ.

ಆಗಸ್ಟಿನ ಬಿಸಿಲಿನಲ್ಲಿ, ಶಾಲೆ ತೆರೆಯುವ ಮೊದಲೇ, ಮೈದಾನದಲ್ಲಿ ಸಾಲುಗಟ್ಟಿ ನಡೆಯುತ್ತ ನುಡಿಸುವ ತಾಲೀಮು ಆರಂಭ. ಆ ಬಿಸಿಲು ನಮ್ಮ ಇಂಡಿಯ ಏಪ್ರಿಲ್ ಬಿಸಿಲಿಗೆ ಏನೂ ಕಡಿಮೆಯಿಲ್ಲ. ಮೈದಾನದ ಐದು ಗಜಕ್ಕೆ ಎಂಟು ಹೆಜ್ಜೆ, ಅಂದರೆ ಒಂದು ಹೆಜ್ಜೆಗೆ ಇಪ್ಪತ್ತೆರಡೂವರೆ ಇಂಚು. ನುಡಿಸುತ್ತ, ಮುಖ ಒಂದು ಕಡೆ ಇಟ್ಟು ಕಾಲು ಇನ್ನೊಂದು ಕಡೆ ಹಾಕುತ್ತ, ಪ್ರತಿಯೊಬ್ಬರೂ ತಮಗೆ ಗುರುತು ಮಾಡಿಕೊಟ್ಟ ಜಾಗಕ್ಕೆ ಆ ಲೆಕ್ಕದಲ್ಲೇ ಹೋಗಿ ನಿಲ್ಲಬೇಕು. ಒಬ್ಬ ಹುಡುಗ ಒಂದು ಹೆಜ್ಜೆ ತಪ್ಪಿದರೆ ಇಡೀ ಸಾಲು ಸೊಟ್ಟಗಾಗುತ್ತದೆ. ಮೂರನೇ ಕ್ಲಾರಿನೆಟ್ಟಿನವನು ಇಲ್ಲದಿದ್ದರೂ ನಡೆಯುತ್ತದೆ ಎನ್ನುವ ಮಾತೇ ಅಲ್ಲಿ ಹುಟ್ಟುವುದಿಲ್ಲ.

ಅಕ್ಟೋಬರಿನಲ್ಲಿ ಪ್ರಾದೇಶಿಕ ಮಟ್ಟದ ಸ್ಪರ್ಧೆ. ಸ್ಪರ್ಧೆ ಎಂದರೂ ಅಲ್ಲಿ ಒಂದು, ಎರಡು, ಮೂರು ಎಂದು ಸ್ಥಾನ ಹಂಚುವುದಿಲ್ಲ, ಶ್ರೇಣಿ ಕೊಡುತ್ತಾರೆ. ಗುಣಮಟ್ಟ ಮುಟ್ಟಿದ ಎಷ್ಟು ಶಾಲೆಗಳಿದ್ದರೂ ಅಷ್ಟಕ್ಕೂ ಮೊದಲ ಶ್ರೇಣಿ ಸಿಗಬಹುದು. ವಸಂತದಲ್ಲಿ ಇನ್ನೊಂದು ಪರೀಕ್ಷೆ ಇದೆ, ಅದು ನನಗೆ ಬಹಳ ಹಿಡಿಸಿತು. ಅಭ್ಯಾಸ ಮಾಡಿದ ಕೃತಿಗಳನ್ನು ವೇದಿಕೆಯಲ್ಲಿ ನುಡಿಸಿದ ಮೇಲೆ ಮಕ್ಕಳನ್ನು ಬೇರೆ ಕೋಣೆಗೆ ಕರೆದೊಯ್ದು, ಹಿಂದೆಂದೂ ಕಾಣದ ಕೃತಿಯೊಂದರ ಸ್ವರಲಿಪಿ ಕೊಡುತ್ತಾರೆ. ಶಿಕ್ಷಕರು ಕೆಲವೇ ನಿಮಿಷ ವಿವರಿಸಬಹುದು. ಆಮೇಲೆ ಎಲ್ಲರೂ ಸೇರಿ ನುಡಿಸಬೇಕು. ವರ್ಷವಿಡೀ ಒಂದೇ ಹಾಡನ್ನು ಉರುಹೊಡೆದವರಿಗೆ ಅಲ್ಲಿ ಬಂಡವಾಳ ಬಯಲಾಗುತ್ತದೆ.

ಈಗ ನಮ್ಮ ಕಡೆಗೆ ಬರೋಣ. ತಂಗಿಯ ಮಗಳ ಶಾಲೆಯ ಗೋಡೆಯ ಮೇಲೆ ಸಂಘಗಳ ಹೆಸರು ಸಾಲಾಗಿ ಬರೆದಿದ್ದಾರೆ: ಸಾಹಿತ್ಯ ಸಂಘ, ವಿಜ್ಞಾನ ಸಂಘ, ಇಕೋ ಕ್ಲಬ್, ಸೇವಾದಳ, ಸ್ಕೌಟ್ಸ್ ಮತ್ತು ಗೈಡ್ಸ್. ಹೊಸ ವರ್ಷದ ಆರಂಭದಲ್ಲಿ ಶಾಲಾ ಸಂಸತ್ತಿನ ಚುನಾವಣೆ ಅಚ್ಚುಕಟ್ಟಾಗಿ ನಡೆಯಿತು. ಮಕ್ಕಳು ಮತ ಹಾಕಿ ಪ್ರಧಾನಮಂತ್ರಿಯನ್ನು ಆರಿಸಿದರು, ಸಾಂಸ್ಕೃತಿಕ ಮಂತ್ರಿಯೊಬ್ಬಳು ಪ್ರಮಾಣವಚನವನ್ನೂ ಸ್ವೀಕರಿಸಿದಳು. ಆಮೇಲೆ ವಿವಿಧ ಸಂಘಗಳ ಉದ್ಘಾಟನಾ ಸಮಾರಂಭ, ಸಸಿಗೆ ನೀರೆರೆಯುವುದು, ಗಣ್ಯರಿಗೆ ಶಾಲು, ಮರುದಿನ ಪತ್ರಿಕೆಯಲ್ಲಿ ಫೋಟೊ. ಬಹುಪಾಲು ಸಂಘಗಳಿಗೆ ಉದ್ಘಾಟನೆಯೇ ಮೊದಲ ಕಾರ್ಯಕ್ರಮ, ಅದೇ ಕೊನೆಯದು. ಮುಂದಿನ ಜೂನ್‌ವರೆಗೆ ಹೆಸರುಗಳು ಗೋಡೆಯ ಮೇಲೆ ಬಿಸಿಲು ಕಾಯುತ್ತವೆ.

ಲೇಜಿಮ್ ಮಾತ್ರ ಬೇರೆ. ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಹೈಸ್ಕೂಲು ಓದಿದವರಿಗೆ ಆ ಸದ್ದು ವಿವರಿಸಬೇಕಾಗಿಲ್ಲ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ಗೇಣುದ್ದ ಮೀರಿದ ಮರದ ಹಿಡಿ, ಅದರ ಎರಡು ತುದಿಗೆ ಬಿಗಿದ ಕಬ್ಬಿಣದ ಸರಪಳಿ, ಸರಪಳಿಯ ಉದ್ದಕ್ಕೂ ಜೋಡಿ ಜೋಡಿ ಬಿಲ್ಲೆಗಳು. ಪಿ.ಟಿ. ಮಾಸ್ತರರು ಸೀಟಿ ಊದುತ್ತಾರೆ, ಡೋಲು ಒಂದು ಏಟು ಕೊಡುತ್ತದೆ, ನೂರು ಕೈಗಳು ಒಮ್ಮೆಗೇ ಸರಪಳಿ ಎಳೆದು ಬಿಡುತ್ತವೆ. ಎದೆಯ ಮುಂದೆ, ಬಲಕ್ಕೆ, ಎಡಕ್ಕೆ, ಕುಳಿತು, ಎದ್ದು, ತಿರುಗಿ, ಎಂಟು ಎಣಿಕೆಗೆ ಒಂದು ಸುತ್ತು. ಟೆಕ್ಸಾಸಿನ ಮೈದಾನದಲ್ಲೂ ಎಂಟು, ನಮ್ಮ ಮೈದಾನದಲ್ಲೂ ಎಂಟು. ತಂಗಿ ಕಳಿಸಿದ ಆಗಸ್ಟ್ 15ರ ವಿಡಿಯೊದಲ್ಲಿ ಮೂರನೇ ಸಾಲಿನ ತುದಿಯ ಹುಡುಗಿಯೊಬ್ಬಳ ಲೇಜಿಮ್ಮಿನ ಸರಪಳಿ ಮಧ್ಯದಲ್ಲೇ ಕಳಚಿಕೊಂಡಿತು. ಅವಳು ಮುಖದಲ್ಲಿ ಏನೂ ತೋರಿಸದೆ, ತುಂಡಾದ ಸರಪಳಿಯನ್ನು ಎಡಗೈ ಮುಷ್ಟಿಯಲ್ಲಿ ಹಿಡಿದು, ಕೊನೆಯವರೆಗೂ ಎಣಿಕೆ ತಪ್ಪದೆ ಮಾಡಿದಳು. ಇದನ್ನು ಕಲಿಸಲು ಸಂಗೀತ ಪದವಿ ಬೇಕಿಲ್ಲ, ದಿನವೂ ಅರ್ಧ ಗಂಟೆ ಬೇಕು. ಆದರೆ ಈ ತಾಲೀಮು ಆಗಸ್ಟ್ 15ಕ್ಕೆ ಹತ್ತು ಹದಿನೈದು ದಿನ, ಜನವರಿ 26ಕ್ಕೆ ಮತ್ತೆ ಅಷ್ಟೇ ದಿನ. ಉಳಿದ ಕಾಲವೆಲ್ಲ ಲೇಜಿಮ್ಮುಗಳು ಕ್ರೀಡಾ ಸಾಮಗ್ರಿಯ ಕೋಣೆಯ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿರುತ್ತವೆ.

ಇವೆರಡರ ನಡುವೆ ಪ್ರತಿಭಾ ಕಾರಂಜಿ ಬರುತ್ತದೆ. ಅದನ್ನು ಹಳಿಯುವ ಮನಸ್ಸು ನನಗಿಲ್ಲ. ಕಂಠಪಾಠ, ಭಾವಗೀತೆ, ಆಶುಭಾಷಣದಿಂದ ಹಿಡಿದು ಗಝಲ್, ಕವ್ವಾಲಿಯವರೆಗೆ ಇಷ್ಟೆಲ್ಲ ಬಗೆಗಳನ್ನು ಸರಕಾರವೇ ಪಟ್ಟಿ ಮಾಡಿ, ಹಳ್ಳಿಯ ಮಗುವನ್ನು ಕ್ಲಸ್ಟರ್, ತಾಲೂಕು, ಜಿಲ್ಲೆ, ರಾಜ್ಯ ಎಂದು ಮೆಟ್ಟಿಲು ಹತ್ತಿಸುವುದು ಸಣ್ಣ ಸಂಗತಿಯಲ್ಲ. ಆದರೆ ಅದರ ಹೆಸರಿನಲ್ಲೇ ಪ್ರತಿಭೆ ಇದೆ. ಮೊದಲೇ ಹಾಡಲು ಬರುವ ಮಗುವನ್ನು ಹುಡುಕಿ ಕಳಿಸುವುದು ಅದರ ಕ್ರಮ, ಬಾರದ ಮಗುವಿಗೆ ಕಲಿಸುವುದು ಅದರ ಕೆಲಸವಲ್ಲ. ತಂಗಿಯ ಮಗಳು ಜಾನಪದ ಗೀತೆಯಲ್ಲಿ ಕ್ಲಸ್ಟರ್ ಮಟ್ಟ ಗೆದ್ದು ತಾಲೂಕು ಮಟ್ಟದಲ್ಲಿ ಎರಡನೆಯವಳಾದಳು. ಮುಂದಿನ ಹಂತಕ್ಕೆ ಹೋಗುವುದು ಮೊದಲ ಸ್ಥಾನದವರು ಮಾತ್ರ. ರಾತ್ರಿ ಫೋನ್ ಮಾಡಿ, "ಮಾಮಾ, ಈ ವರ್ಷದ ಹಾಡು ಮುಗಿಯಿತು" ಎಂದಳು. ಅವಳಿಗೆ ದುಃಖವೇನೂ ಇದ್ದಂತಿರಲಿಲ್ಲ, ಪರೀಕ್ಷೆ ಮುಗಿಯಿತು ಎನ್ನುವ ಧಾಟಿಯಲ್ಲೇ ಹೇಳಿದಳು. ನನಗೆ ಕಿರಿಕಿರಿಯಾದದ್ದು ಅದಕ್ಕೇ. ಹದಿನಾಲ್ಕು ವರ್ಷದ ಹುಡುಗಿಗೆ ವರ್ಷದ ಹಾಡು ಮಳೆಗಾಲದಲ್ಲೇ ಮುಗಿದುಹೋಗುವುದೆಂದರೇನು?

ಡಿಸೆಂಬರಿನಲ್ಲಿ ವಾರ್ಷಿಕ ಸ್ನೇಹ ಸಮ್ಮೇಳನವಾಯಿತು. ಧ್ವನಿವರ್ಧಕದಲ್ಲಿ ಸಿನಿಮಾ ಹಾಡು ಹಾಕಿ ಮಕ್ಕಳು ಕುಣಿದರು. ಅಲ್ಲಿಂದ ಮುಂದೆ ಎಸ್ಸೆಸ್ಸೆಲ್ಸಿ ಫಲಿತಾಂಶದ ಭೂತ. ವಿಶೇಷ ತರಗತಿ, ರಾತ್ರಿ ಓದು, ಸರಣಿ ಪರೀಕ್ಷೆ. 625 ಅಂಕಗಳಲ್ಲಿ ಹಾಡಿಗೆ ಒಂದೂ ಇಲ್ಲವೆಂಬುದು ಎಲ್ಲರಿಗೂ ಗೊತ್ತು. ಬರುವ ಜೂನ್‌ನಿಂದ ಅವಳು ಹತ್ತನೆಯ ತರಗತಿ. ಸ್ಪರ್ಧೆಗೆ ಕಳಿಸುತ್ತೀರಾ ಎಂದು ತಂಗಿಯನ್ನು ಕೇಳಿದೆ. "ಅಣ್ಣಾ, ನಿನಗೆ ಅಲ್ಲಿ ಕುಳಿತು ಮಾತಾಡುವುದು ಸುಲಭ" ಎಂದಳು. ಅವಳ ಮಾತನ್ನು ತಳ್ಳಿಹಾಕಲಾರೆ.

ಅಂಕದ ಭಯ ಇಲ್ಲಿಯೂ ಇದೆ. ಟೆಕ್ಸಾಸಿನಲ್ಲಿ 1984ರಲ್ಲೇ ಕಾನೂನು ಮಾಡಿದ್ದಾರೆ: ಯಾವುದೇ ವಿಷಯದಲ್ಲಿ 70ಕ್ಕಿಂತ ಕಡಿಮೆ ಬಂದರೆ ಆ ವಿದ್ಯಾರ್ಥಿ ಸುಧಾರಿಸಿಕೊಳ್ಳುವವರೆಗೆ ಆಟದಲ್ಲಾಗಲಿ ಬ್ಯಾಂಡಿನಲ್ಲಾಗಲಿ ಸ್ಪರ್ಧೆಗೆ ಇಳಿಯುವಂತಿಲ್ಲ. ಶಾಲೆಯ ಅವಧಿಯ ಹೊರಗೆ ವಾರಕ್ಕೆ ಎಂಟು ಗಂಟೆಗಿಂತ ಹೆಚ್ಚು ತಾಲೀಮು ಮಾಡಿಸುವಂತಿಲ್ಲ ಎಂಬ ನಿಯಮವೂ ಇದೆ. ಓದಿಗೂ ಬೇಲಿ, ಸಂಗೀತಕ್ಕೂ ಬೇಲಿ. ನಮ್ಮಲ್ಲಿ ಬರವಣಿಗೆಯಲ್ಲಿ ಯಾವ ನಿಯಮವೂ ಇಲ್ಲ. ಹತ್ತನೆಯ ತರಗತಿ ಬಂತೆಂದರೆ ಪೇಟಿಗೆ, ಅಂದರೆ ಹಾರ್ಮೋನಿಯಂಗೆ, ಬಟ್ಟೆ ಮುಚ್ಚಬೇಕು ಎನ್ನುವುದು ಎಲ್ಲರೂ ಒಪ್ಪಿಕೊಂಡ ಮಾತು, ಅಷ್ಟೆ.

ಅಮೆರಿಕದ ಕ್ಲಬ್ಬುಗಳ ವಿಷಯಕ್ಕೆ ಬಂದರೆ ನನ್ನ ಹೊಗಳಿಕೆ ನಿಲ್ಲುತ್ತದೆ. ಸರಕಾರಿ ಹೈಸ್ಕೂಲು ಪಠ್ಯಕ್ಕೆ ಸಂಬಂಧಿಸದ ಒಂದು ವಿದ್ಯಾರ್ಥಿ ಸಂಘಕ್ಕೆ ಜಾಗ ಕೊಟ್ಟರೆ, ಧರ್ಮ, ರಾಜಕೀಯ, ವಿಚಾರದ ಕಾರಣಕ್ಕೆ ಇನ್ನೊಂದಕ್ಕೆ ಇಲ್ಲವೆನ್ನುವಂತಿಲ್ಲ ಎಂದು 1984ರದೇ ಇನ್ನೊಂದು ಕಾನೂನು, ಇಡೀ ದೇಶಕ್ಕೆ ಅನ್ವಯಿಸುವಂಥದ್ದು, ಹೇಳುತ್ತದೆ. ಕಾನೂನು ಒಳ್ಳೆಯದೇ. ಆದರೆ ಕಾಲೇಜಿನ ಅರ್ಜಿಯಲ್ಲಿ 'ಸ್ಥಾಪಕ ಅಧ್ಯಕ್ಷ' ಎಂದು ಬರೆದುಕೊಳ್ಳುವುದಕ್ಕಾಗಿಯೇ ಹುಟ್ಟುವ ಕ್ಲಬ್ಬುಗಳನ್ನು ಲೆಕ್ಕ ಹಾಕಿದವರಿಲ್ಲ. ಹತ್ತು ಜನ ಸದಸ್ಯರಿದ್ದರೆ ಎಂಟು ಜನ ಪದಾಧಿಕಾರಿಗಳು. (ನಮ್ಮ ಹೊರನಾಡ ಕನ್ನಡ ಸಂಘಗಳನ್ನು ನೋಡಿ ಕಲಿತರೋ ಏನೋ.) ನಮ್ಮ ಭಾರತೀಯ ತಂದೆತಾಯಿಗಳು ಇದರಲ್ಲಿ ಎಲ್ಲರಿಗಿಂತ ಮುಂದೆ. ಗೋಡೆಯ ಮೇಲಿನ ಇಕೋ ಕ್ಲಬ್ಬಿಗೂ ಇದಕ್ಕೂ ಅಂತರ ಬಹಳ ಕಡಿಮೆ.

ದುಡ್ಡಿನ ಮಾತೂ ಇದೆ. ಬ್ಯಾಂಡಿಗೆ ಶಾಲೆ ಕೊಡುವುದು ಸಾಲುವುದಿಲ್ಲ. ಸಮವಸ್ತ್ರ, ಬಸ್ಸು, ತಾಲೀಮಿಗೆ ಬರುವ ಹೊರಗಿನ ತರಬೇತುದಾರರು, ಎಲ್ಲಕ್ಕೂ ಪೋಷಕರು ಶುಲ್ಕ ಕಟ್ಟಬೇಕು. ಸಾಲದ್ದಕ್ಕೆ ಪೋಷಕರ ಸಂಘ ಫುಟ್‌ಬಾಲ್ ಪಂದ್ಯದ ರಾತ್ರಿ ಮಳಿಗೆ ಹಾಕಿ ತಿಂಡಿ ಮಾರುತ್ತದೆ. ಬಸವಣ್ಣ ಹುಟ್ಟಿದ ಜಿಲ್ಲೆಯಿಂದ ಬಂದ ನನಗೆ ಮಾಂಸದ ಹಾಟ್ ಡಾಗ್ ಮಾರುವ ಪಾಳಿ ಬಂದಾಗ, ಬೇಡಿಕೊಂಡು ತಂಪು ಪಾನೀಯದ ಕಡೆಗೆ ಬದಲಾಯಿಸಿಕೊಂಡೆ. ಉಳ್ಳವರ ಬಡಾವಣೆಯ ಶಾಲೆಯ ಬ್ಯಾಂಡಿಗೂ ಇಲ್ಲದವರ ಬಡಾವಣೆಯದಕ್ಕೂ ಇರುವ ವ್ಯತ್ಯಾಸ ಮೈದಾನಕ್ಕೆ ಇಳಿಯುವ ಲಾರಿಗಳಲ್ಲೇ ಕಾಣುತ್ತದೆ. ಇದನ್ನು ಹಾಗೇ ಎತ್ತಿ ತಂದು ಇಂಡಿಯಲ್ಲಿ ಇಡಿ ಎಂದು ಹೇಳಿದರೆ ನನಗೆ ಬುದ್ಧಿಯಿಲ್ಲ ಎಂದರ್ಥ.

ಇಷ್ಟಕ್ಕೂ ಒಟ್ಟಿಗೆ ನುಡಿಸುವುದನ್ನು ನಮಗೆ ಅಮೆರಿಕ ಹೇಳಿಕೊಡಬೇಕಾಗಿಲ್ಲ. 1599ರಲ್ಲಿ ನಮ್ಮ ಸುಲ್ತಾನ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ವಿಜಯಪುರದ ಪಶ್ಚಿಮಕ್ಕೆ ನವರಸಪುರವೆಂಬ ಹೊಸ ಪಟ್ಟಣವನ್ನೇ ಕಟ್ಟಲು ಹೊರಟವನು. ಸಂಗೀತದ ಹುಚ್ಚು ಎಷ್ಟಿತ್ತೆಂದರೆ ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟಿದ್ದ. ತೊರವಿಯ ಹತ್ತಿರ ಸಂಗೀತ ಮಹಲಿನ ಗೋಡೆಗಳು ಈಗಲೂ ನಿಂತಿವೆ. ಅರಸರ ಮಾತು ಬಿಡಿ, ಹಳ್ಳಿಗಳಲ್ಲಿ ಮೊಹರಮ್ಮಿಗೆ ಹೆಜ್ಜೆ ಮೇಳ ಕಟ್ಟುತ್ತಾರೆ. ಹಿಂದೂ ಮುಸ್ಲಿಂ ಎನ್ನದೆ ಊರ ಹುಡುಗರೆಲ್ಲ ಸಂಜೆ ಸೇರಿ ಹಿರಿಯರಿಂದ ಹೆಜ್ಜೆ ಕಲಿಯುತ್ತಾರೆ, ಕರ್ಬಲಾದ ಕಥೆ ಹೇಳುವ ರಿವಾಯತ್ ಪದ ಹಾಡುತ್ತಾರೆ. ಗುಡಿಯ ಭಜನಾ ಮೇಳದಲ್ಲಿ ಪೇಟಿ, ತಬಲಾ, ದಮ್ಮಡಿಗಳಿಗೆ ಅಜ್ಜನೂ ಮೊಮ್ಮಗನೂ ಪಕ್ಕಪಕ್ಕ ಕೂರುತ್ತಾರೆ. ಕಂಠ ಚೆನ್ನಾಗಿಲ್ಲ ಎಂದು ಅಲ್ಲಿ ಯಾರನ್ನೂ ಎಬ್ಬಿಸಿ ಕಳಿಸಿದ್ದು ನಾನು ಕಂಡಿಲ್ಲ. ತಾಳ ಕೊಟ್ಟು ಕೂರಿಸುತ್ತಾರೆ. ನನ್ನ ಮಗ ಶಾಲೆ ಬಿಟ್ಟ ದಿನ ಕ್ಲಾರಿನೆಟ್ ಪೆಟ್ಟಿಗೆ ಸೇರುವ ಸಂಭವವೇ ಹೆಚ್ಚು, ಆದರೆ ಭಜನೆಯಲ್ಲಿ ತಾಳ ಹಿಡಿದ ನನ್ನ ಓರಗೆಯವರು ಇಂದಿಗೂ ಹಿಡಿದಿದ್ದಾರೆ.

ಆದರೆ ಈ ಮೇಳಗಳೆಲ್ಲ ಬಹುಮಟ್ಟಿಗೆ ಗಂಡಸರವು. ಮಹಿಳಾ ಭಜನಾ ಮಂಡಳಿಗಳು ಈಗ ಹೆಚ್ಚುತ್ತಿವೆ, ಸಂತೋಷ. ಆದರೂ ಹದಿನಾಲ್ಕು ಹದಿನೈದರ ಹುಡುಗಿ ರಾತ್ರಿ ಒಂಬತ್ತಕ್ಕೆ ಗುಡಿಯ ಕಟ್ಟೆಗೆ ಹೋಗಿ ತಬಲಾ ಕಲಿಯುತ್ತೇನೆಂದರೆ ಯಾವ ಮನೆಯಲ್ಲಿ ಹೂಂ ಎನ್ನುತ್ತಾರೆ? ಅವಳಿಗೆ ಇರುವ ಬಾಗಿಲು ಶಾಲೆಯೊಂದೇ. ಇಲ್ಲಿನ ಬ್ಯಾಂಡಿನಲ್ಲಿ ಎಲ್ಲರಿಗಿಂತ ದೊಡ್ಡ ಹಿತ್ತಾಳೆ ವಾದ್ಯವನ್ನು ಹೆಗಲಿಗೆ ಸುತ್ತಿಕೊಂಡು ನಡೆಯುವವಳು ಐದಡಿಯೂ ಇಲ್ಲದ ಒಬ್ಬ ಹುಡುಗಿ. ಅದು ಶಾಲೆಯ ವಾದ್ಯ, ಶಾಲೆಯ ಹೊತ್ತು, ಆದ್ದರಿಂದ ಮನೆಯವರ ಅಪ್ಪಣೆಯ ಪ್ರಶ್ನೆ ಏಳಲಿಲ್ಲ.

ಹಾಗಾಗಿ ನನಗೆ ಬೇಕಾಗಿರುವುದು ಕಡಿಮೆ. ವಾರಕ್ಕೆ ಎರಡು ಅವಧಿ, ಜೂನ್‌ನಿಂದ ಫೆಬ್ರವರಿವರೆಗೆ, ಇಡೀ ತರಗತಿಗೆ. ಲೇಜಿಮ್ ಇದ್ದೇ ಇದೆ. ಊರ ಭಜನಾ ಮೇಳದ ಪೇಟಿ ಮಾಸ್ತರರನ್ನು ಗೌರವಧನ ಕೊಟ್ಟು ಕರೆಯಬಹುದು. ಯಾರನ್ನೂ ಆರಿಸುವುದು ಬೇಡ, ಬಹುಮಾನ ಬೇಡ.

ನಾನು ಓದಿದ ಶಾಲೆಯ ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸುತ್ತಿದ್ದಾರೆ, ಶಾಲೆಯ ಮುಂದೆ ಸ್ವಾಗತ ಕಮಾನು ಕಟ್ಟಿಸಲಿಕ್ಕೆ. ಕಮಾನಿನ ಬದಲು ಐವತ್ತು ಲೇಜಿಮ್, ಎರಡು ಪೇಟಿ, ಒಂದು ಜೋಡಿ ತಬಲಾ, ಮಾಸ್ತರರಿಗೆ ಎರಡು ವರ್ಷದ ಗೌರವಧನ ಎಂದು ನಾನು ಬರೆದೆ. ಪುಣೆಯಲ್ಲಿರುವ ಗೆಳೆಯನೊಬ್ಬ ತಕ್ಷಣ ಒಪ್ಪಿದ. ಊರಲ್ಲೇ ಇರುವ ಇನ್ನೊಬ್ಬ, "ಕಮಾನಿನ ಮೇಲೆ ದಾನಿಗಳ ಹೆಸರು ಬರುತ್ತದೆ, ಪೇಟಿಯ ಮೇಲೆ ಎಲ್ಲಿ ಬರೆಸುವುದು?" ಎಂದು ಕೇಳಿದ. ಪ್ರಶ್ನೆ ತಮಾಷೆಯದಲ್ಲ, ದುಡ್ಡು ಕೊಡುವವರು ಅದನ್ನು ಕೇಳಿಯೇ ಕೇಳುತ್ತಾರೆ. ಗುಡಿಯ ಗಂಟೆಯ ಮೇಲೂ ಪಾತ್ರೆಗಳ ಮೇಲೂ ಹೆಸರು ಕೆತ್ತಿಸುವ ಊರು ನಮ್ಮದು, ಪೇಟಿಯ ಹಿಂಬದಿಗೆ ಹಿತ್ತಾಳೆಯ ಪಟ್ಟಿ ಬಡಿಸಿದರೆ ಏಳೆಂಟು ಹೆಸರು ಸಲೀಸಾಗಿ ಹಿಡಿಯುತ್ತವೆ ಎಂದು ಉತ್ತರಿಸಿದ್ದೇನೆ. ಲೇಜಿಮ್ಮಿನ ಹಿಡಿಗೆ ಒಂದೊಂದು ಹೆಸರಾದರೆ ಐವತ್ತು ಜನ ದಾನಿಗಳಾದರು. ಲೆಕ್ಕ ಕಳಿಸು ಎಂದಿದ್ದಾನೆ.