ಕೊಪ್ಪಳದಲ್ಲಿ ಒಣಗುವ ಕಡಲು

ನಾನು ಕಡಲಿನ ಚಿತ್ರ ಬರೆಯುವುದು ಕೊಪ್ಪಳದಲ್ಲಿ ಕುಳಿತು. ನಮ್ಮೂರಿನವರು ಕಡಲು ನೋಡಬೇಕಾದರೆ ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಅಂಕೋಲೆಯವರೆಗೆ ಹೋಗಬೇಕು. ನನಗೆ ಆ ಯೋಗ ಎರಡು ಮೂರು ವರ್ಷಕ್ಕೊಮ್ಮೆ ಬರುತ್ತದೆ. ಉಳಿದ ದಿನಗಳಲ್ಲಿ ಕಾರವಾರದ ದಂಡೆಯ ಮೇಲೆ ಪೆನ್ಸಿಲಿನಿಂದ ಗೀಚಿಕೊಂಡು ಬಂದ ನಾಲ್ಕು ಗೆರೆಗಳನ್ನೂ ಏಳೆಂಟು ಸೀಸೆ ಅಕ್ರಿಲಿಕ್ ಇಂಕನ್ನೂ ಮುಂದಿಟ್ಟುಕೊಂಡು, ಬಂಡೆಗುಡ್ಡ ಕಾಣುವ ಕಿಟಕಿಯ ಪಕ್ಕದಲ್ಲಿ ಕುಳಿತು ತೆರೆ ಎಬ್ಬಿಸಲು ನೋಡುತ್ತೇನೆ.

ಇಂಕ್ ಎಂಬ ಹೆಸರು ಕೇಳಿ ಇದನ್ನು ಫೌಂಟನ್ ಪೆನ್ನಿಗೆ ತುಂಬಲು ಹೋದರೆ ಪೆನ್ನು ಅಲ್ಲಿಗೆ ಮುಗಿಯಿತು. ಇದು ನೀರಿನಲ್ಲಿ ಕರಗಿದ ಬಣ್ಣವಲ್ಲ. ನುಣ್ಣಗೆ ಅರೆದ ಬಣ್ಣದ ಪುಡಿ ಅಕ್ರಿಲಿಕ್ ಅಂಟು ಬೆರೆತ ನೀರಿನಲ್ಲಿ ತೇಲುತ್ತಿರುತ್ತದೆ. ಆದ್ದರಿಂದ ಸೀಸೆಯನ್ನು ಪ್ರತಿ ಸಲವೂ ಚೆನ್ನಾಗಿ ಕುಲುಕಿಕೊಳ್ಳಬೇಕು. ನೀರು ಆರಿದೊಡನೆ ಅಂಟಿನ ಕಣಗಳು ಒಂದಕ್ಕೊಂದು ಬೆಸೆದುಕೊಂಡು ತೆಳ್ಳನೆಯ ಪೊರೆಯಾಗುತ್ತವೆ, ಆಮೇಲೆ ಅದರ ಮೇಲೆ ಎಷ್ಟು ನೀರು ಹೊಯ್ದರೂ ಬಣ್ಣ ಕದಲುವುದಿಲ್ಲ. ಜಲವರ್ಣದಲ್ಲಾದರೆ ತಪ್ಪಿದ ಜಾಗವನ್ನು ಒದ್ದೆ ಕುಂಚದಿಂದ ಒರೆಸಿ ತಕ್ಕಮಟ್ಟಿಗೆ ಎತ್ತಬಹುದು. ಇಲ್ಲಿ ಆ ರಿಯಾಯಿತಿ ಇಲ್ಲ. ಆದರೆ ಕದಲದ ಈ ಗುಣವೇ ಕಡಲು ಬರೆಯುವವನಿಗೆ ಬೇಕಾದದ್ದು. ಒಂದು ತೆಳು ನೀಲಿ ಆರಿದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು ಎಂದು ಪದರ ಪದರವಾಗಿ ಬಳಿಯುತ್ತ ಹೋದರೂ ಕೆಳಗಿನದು ಕಲಕಿ ರಾಡಿಯಾಗುವುದಿಲ್ಲ, ಎಲ್ಲ ಪದರಗಳೂ ಒಂದರೊಳಗಿಂದ ಒಂದು ಕಾಣುತ್ತ ನೀರಿಗೆ ಆಳ ಬರುತ್ತದೆ.

ತೊಡಕಿರುವುದು ನಮ್ಮ ಬಿಸಿಲಿನಲ್ಲಿ. ಕೊಪ್ಪಳದ ಏಪ್ರಿಲ್ ಬಿಸಿಲು ಸಂಡಿಗೆಗೆ ಮಾಡುವ ಉಪಕಾರವನ್ನು ಅಕ್ರಿಲಿಕ್ ಇಂಕಿಗೆ ಮಾಡುವುದಿಲ್ಲ. ಮೊದಲ ವರ್ಷ ನಾನು ಆಕಾಶವನ್ನು ಮೇಲಿನಿಂದ ಬಳಿಯುತ್ತ ದಿಗಂತಕ್ಕೆ ಬರುವಷ್ಟರಲ್ಲಿ ಮೇಲಿನ ಅಂಚು ಆರಿ, ಮೋಡ ಇರಬೇಕಾದಲ್ಲಿ ಗೋಡೆ ಬಿರುಕು ಬಿಟ್ಟಂಥ ಗೆರೆ ನಿಂತಿರುತ್ತಿತ್ತು. ಮಾಳಿಗೆಯಿಂದ ಇಳಿದು ಬಂದ ನನ್ನ ಹೆಂಡತಿ ಒಂದು ಸಲ ಅದನ್ನು ನೋಡಿ, "ಏನ್ರೀ, ನಿಮ್ಮ ಸಮುದ್ರ ಆಗ್ಲೇ ಒಣಗೇತಿ, ನನ್ನ ಸಂಡಿಗಿ ಇನ್ನೂ ಹಸಿ ಅದಾವು" ಎಂದಳು. ಅಂದಿನಿಂದ ನಾನು ಬೆಳಗಿನ ಐದು ಗಂಟೆಗೆ ಎದ್ದು, ಫ್ಯಾನ್ ಆರಿಸಿ, ಕಾಗದದ ಬೆನ್ನನ್ನೂ ತೋಯಿಸಿ ಗಾಜಿನ ಹಲಗೆಯ ಮೇಲೆ ಅಂಟಿಸಿಕೊಂಡು ಕೂರುತ್ತೇನೆ. ಇಸ್ತ್ರಿಯ ಬಟ್ಟೆಗೆ ನೀರು ಚಿಮುಕಿಸುವ ಬಾಟಲಿ ಆ ಹೊತ್ತಿನಲ್ಲಿ ನನ್ನ ವಶದಲ್ಲಿರುತ್ತದೆ. ಕುಂಚವನ್ನು ಮಾತ್ರ ನೀರಿನ ಲೋಟದಿಂದ ಹೊರಗೆ ಇಡುವಂತಿಲ್ಲ. ಚಹಾ ಕುಡಿದು ಬರುವಷ್ಟರಲ್ಲಿ ಗಟ್ಟಿಯಾಗಿ ಹಲ್ಲುಕಡ್ಡಿಯಾದ ಮೂರು ಒಳ್ಳೆಯ ಕುಂಚಗಳು ಈಗ ಮನೆಯಲ್ಲಿ ಹೊಲಿಗೆ ಯಂತ್ರದ ದೂಳು ಕೆರೆಯುವ ಕೆಲಸಕ್ಕಿವೆ.

ಕಡಲು ನೀಲಿ ಎಂಬುದು ದೂರದವರ ಮಾತು. ಮಳೆಗಾಲದಲ್ಲಿ ಕಾರವಾರದ ಬಳಿ ಕಾಳಿ ನದಿ ಕಡಲು ಸೇರುವಲ್ಲಿ ನೀರು ನಮ್ಮ ಹಳ್ಳದ ನೀರಿನಂತೆಯೇ ಕೆಂಪಗೆ ಇರುತ್ತದೆ, ಮೇಲಿನ ಆಕಾಶ ಬೂದಿ ಬಣ್ಣದ್ದು. 1935ರಲ್ಲಿ ಮಾರುಕಟ್ಟೆಗೆ ಬಂದ ಥ್ಯಾಲೋ ನೀಲಿ ಎಂಬ ತಾಮ್ರದ ಬಣ್ಣವೊಂದಿದೆ; ಅದರ ಒಂದು ಹನಿ ಹೆಚ್ಚಾದರೆ ಇಡೀ ಚಿತ್ರ ಕ್ಯಾಲೆಂಡರಿನದಾಗಿಬಿಡುತ್ತದೆ. ನಾನು ಅದನ್ನು ಉಪ್ಪಿನಕಾಯಿಯಂತೆ ತುದಿಯಲ್ಲಿ ಮುಟ್ಟಿಸುತ್ತೇನೆ, ಅಷ್ಟೆ. ಬೂದು ಬಣ್ಣಕ್ಕೂ ಕಪ್ಪು ಇಂಕನ್ನು ಬಳಸಬಾರದು, ಅದರಿಂದ ಮೋಡ ಸತ್ತಂತೆ ಕಾಣುತ್ತದೆ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬೆರೆಸಿದರೆ ಮಳೆ ತುಂಬಿದ ಬೂದು ತಾನಾಗಿ ಹುಟ್ಟುತ್ತದೆ. ಈ ಕೆಂಗಂದು ಯಾವ ಊರಿನ ಹೆಸರು ಹೊತ್ತಿದ್ದರೂ ಮೂಲದಲ್ಲಿ ಕಬ್ಬಿಣದ ಆಕ್ಸೈಡು, ಎಂದರೆ ಸಂಡೂರಿನ ಗುಡ್ಡಗಳಲ್ಲಿರುವ ಹೆಮಟೈಟ್ ಎಂಬ ಕಬ್ಬಿಣದ ಅದಿರಿನ ಬಳಗದ್ದೇ. ಗಣಿಗಾರಿಕೆಯ ಭರಾಟೆಯ ವರ್ಷಗಳಲ್ಲಿ ಹೊಸಪೇಟೆ ಕಡೆಯ ಅದಿರು ರೈಲಿನಲ್ಲಿ ನಮ್ಮೂರ ಮೇಲೆಯೇ ಹಾದು ಮರ್ಮಗೋವಾ ಬಂದರಿಗೆ ಹೋಗುತ್ತಿತ್ತು. ನಮಗಿಂತ ಮೊದಲು ನಮ್ಮ ಸೀಮೆಯ ಮಣ್ಣೇ ಕಡಲು ಕಂಡಿತೆನ್ನಬೇಕು. ಇನ್ನು ನೊರೆಯ ಬಿಳಿ ಟೈಟಾನಿಯಂನದು. ಅದರ ಅದಿರಾದ ಇಲ್ಮೆನೈಟ್ ಕೇರಳದ ಚವರದ ಕಡಲ ಮರಳಿನಲ್ಲಿ ಸಿಗುತ್ತದೆ.

ಆ ಬಿಳಿಯನ್ನು ಎಲ್ಲಕ್ಕಿಂತ ಕೊನೆಗೆ ಹಚ್ಚಬೇಕು. ಏಳುವ ತೆರೆಯ ಬುಡ ಕಪ್ಪಾಗಿಯೂ, ನೆತ್ತಿ ತೆಳ್ಳಗಾಗಿ ಬೆಳಕು ತೂರಿಬರುವ ಕಡೆ ಗಾಜಿನ ಹಸಿರಾಗಿಯೂ ಇರುತ್ತದೆ; ನೊರೆ ಕೂಡುವುದು ಆ ಹಸಿರಿನ ಮೇಲಂಚಿನಲ್ಲಿ. ಅಲ್ಲಿ ನೀರು ಚಿಮುಕಿಸಿ, ಡ್ರಾಪರಿನಿಂದ ಬಿಳಿ ಇಂಕಿನ ಒಂದು ಹನಿ ಬಿಟ್ಟು, ಹಲಗೆಯನ್ನು ನಿಧಾನ ವಾಲಿಸಿದರೆ ಇಂಕು ತಾನೇ ದಾರಿ ಹುಡುಕಿಕೊಂಡು ಎಳೆ ಎಳೆಯಾಗಿ ಇಳಿಯುತ್ತದೆ. ನಾನು ಕೈ ಹಾಕಿ ತಿದ್ದಿದ ನೊರೆಗಳೆಲ್ಲ ಹತ್ತಿಯ ಅರಳೆಯಂತಾಗಿವೆ. ಹನಿಯ ಪಾಡಿಗೆ ಹನಿಯನ್ನು ಬಿಟ್ಟಾಗ ಮಾತ್ರ ತೆರೆ ಒಡೆದಿದೆ. ಚಿಮ್ಮಿದ ತುಂತುರಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು ಸಾಕು, ಗೋಡೆಗೂ ಸ್ವಲ್ಪ ಸಲ್ಲುತ್ತದೆ.

ಕಳೆದ ಸಲ ಬರೆದ ದೊಡ್ಡ ಚಿತ್ರವನ್ನು ಅವ್ವನಿಗೆ ತೋರಿಸಿದೆ. ಆಕೆ ಕಡಲು ನೋಡಿದವಳಲ್ಲ. ಕಂಡ ದೊಡ್ಡ ನೀರೆಂದರೆ ಮುನಿರಾಬಾದಿನ ತುಂಗಭದ್ರಾ ಹಿನ್ನೀರು. ಆಷಾಢದ ಗಾಳಿಗೆ ಅಲ್ಲಿಯೂ ತೆರೆ ಏಳುತ್ತವೆ, ಆದರೆ ಆಚೆ ಗುಡ್ಡಗಳಿವೆ, ಈಚೆ 33 ಗೇಟುಗಳ ಅಣೆಕಟ್ಟಿದೆ. ಚಿತ್ರವನ್ನು ಹತ್ತಿರಕ್ಕೆ ಹಿಡಿದು ನೋಡಿದ ಅವ್ವ, "ಆಚೀ ದಂಡಿನ ಇಲ್ಲಲ್ಲೋ ಯಪ್ಪಾ, ಈ ನೀರು ಎಲ್ಲಿಗೆ ಹೋಗಿ ನಿಂದರತೈತಿ?" ಎಂದು ಕೇಳಿದಳು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕಿತ್ತು ಹೋದಾಗ ನಮ್ಮ ಕಡೆ ಎಲ್ಲರ ಬಾಯಲ್ಲಿದ್ದದ್ದೂ ಇದೇ ಪ್ರಶ್ನೆ. ನಾನು ಏನೋ ಹೇಳಲು ಹೋಗಿ ಸುಮ್ಮನಾದೆ. ದಂಡೆ ಸೇರಿಸಲು ದಿಗಂತವನ್ನು ಅಳಿಸುವಂತೆಯೂ ಇರಲಿಲ್ಲ, ಆರಿ ಹೋಗಿತ್ತು. ಈಗ ಆ ಚಿತ್ರ ಪಡಸಾಲೆಯಲ್ಲಿದೆ. ಬಂದವರಿಗೆಲ್ಲ ಅವ್ವ, "ನಮ್ಮ ಡ್ಯಾಮ್ರೀ, ಪೂರಾ ತುಂಬಿದಾಗಿಂದು" ಎಂದು ತೋರಿಸುತ್ತಾಳೆ.