ಬ್ರೆಜಿಲ್‌ಗೆ ನಾಲ್ಕು ಗಂಟೆಯ ಬಸ್ಸು

ಹೋದ ತಿಂಗಳು ಹಾಸನದ ಒಂದು ಕಾಲೇಜಿನಲ್ಲಿ ಜಗತ್ತಿನ ಸಮಸ್ಯೆಗಳೆಲ್ಲ ಒಂದೇ ದಿನದಲ್ಲಿ ಬಗೆಹರಿದವು. ಬೆಳಗ್ಗೆ ಶುರು, ಮಧ್ಯೆ ಪಲಾವ್, ಸಂಜೆ ಐದಕ್ಕೆ ಜಗತ್ತು ರಿಪೇರಿ. ಬಿ.ಎಂ. ರಸ್ತೆಯ ಟ್ರಾಫಿಕ್ ಒಂದು ಉಳಿದುಕೊಂಡಿತು.

ಇದರ ಹೆಸರು ಮಾದರಿ ವಿಶ್ವಸಂಸ್ಥೆ. ಮಕ್ಕಳು ಒಂದೊಂದು ದೇಶದ ಪ್ರತಿನಿಧಿಗಳಾಗಿ ಕೂತು, ಅಸಲಿ ವಿಶ್ವಸಂಸ್ಥೆ 1945ರಿಂದ ಮಾಡಿಕೊಂಡು ಬಂದಿದ್ದನ್ನೇ ಮಾಡುತ್ತಾರೆ. ಅಂದರೆ, ಮಾತಾಡುತ್ತಾರೆ. ಬ್ಯಾನರಿನಲ್ಲಿ 'ಜಾಗತಿಕ ಪ್ರಜಾಪ್ರಭುತ್ವ ಮತ್ತು ಯುವ ನಾಯಕತ್ವ' ಎಂದು ದಪ್ಪಕ್ಷರ. ಅದರ ಕೆಳಗೆ ಅರವತ್ತು ದಾಟಿದ ಒಂಬತ್ತು ಜನರ ಫೋಟೊ. ನನ್ನನ್ನು ವೀಕ್ಷಕ ಅಂತ ಕರೆದಿದ್ದರು. ಸುಮ್ನೆ ಕೂತು ನೋಡುವ ಕೆಲಸ. ಪ್ರಜಾಪ್ರಭುತ್ವದಲ್ಲಿ ನನಗೆ ಅದರಲ್ಲೇ ಅನುಭವ ಜಾಸ್ತಿ.

193 ದೇಶಗಳ ಪೈಕಿ 40 ಬಂದಿದ್ದವು. ಬ್ಲೇಜರ್ ಕಡ್ಡಾಯ. ಒಂದೇ ದಿನಕ್ಕೆ ಅಷ್ಟು ಬ್ಲೇಜರ್ ಎಲ್ಲಿಂದ ತರೋದು? ಮದುವೆ ಸೂಟು ಬಾಡಿಗೆ ಕೊಡುವ ಅಂಗಡಿಯೇ ಗತಿ. ರಷ್ಯಾದ ಜೇಬಿನಲ್ಲಿ ಯಾವುದೋ ರಿಸೆಪ್ಷನ್ನಿನ ಒಣಗಿದ ಗುಲಾಬಿ ಹಾಗೇ ಇತ್ತು. ಫ್ರಾನ್ಸಿನ ತೋಳು ಬೆರಳು ದಾಟಿ ಕೆಳಗಿಳಿದಿತ್ತು. ಪಾಪ, ವೀಟೋ ಹಾಕೋಕೆ ಕೈ ಎತ್ತಿದರೆ ಬರೀ ತೋಳು ಮೇಲೇಳುತ್ತಿತ್ತು.

ಮುಖ್ಯ ಅತಿಥಿಗಳು ಬರುವವರೆಗೆ ಜಗತ್ತು ಒಂದೂವರೆ ಗಂಟೆ ಕಾಯಿತು. ಬಂದವರು ನಮ್ಮ ಜಿಲ್ಲೆಯ ಮಣ್ಣಿನ ಗುಣ ಹೊಗಳಿದರು. ಈ ಮಣ್ಣಿನಿಂದಲೇ ಒಬ್ಬರು ಪ್ರಧಾನಿಯಾದರು, ನೀವೂ ಆಗಬಹುದು ಎಂದರು. ನಿಜ. ಆದರೆ ಹರದನಹಳ್ಳಿಯ ದೇವೇಗೌಡರು ಬಾಡಿಗೆ ಬ್ಲೇಜರ್ ಹಾಕಿಕೊಂಡು ಉಗಾಂಡಾದ ಪರ ಮಾತಾಡಿ ರಾಜಕೀಯ ಕಲಿತವರಲ್ಲ. ಹೊಳೆನರಸೀಪುರದ ಸಹಕಾರ ಸಂಘ, ತಾಲ್ಲೂಕು ಬೋರ್ಡು ಅಂತ ಓಡಾಡಿ, 1962ರಲ್ಲಿ ಪಕ್ಷೇತರರಾಗಿ ನಿಂತು ಗೆದ್ದು ವಿಧಾನಸಭೆಗೆ ಹೋದವರು. ಊರಿನ ಜಗಳ ಬಿಡಿಸಿ ಬಿಡಿಸಿಯೇ 1996ಕ್ಕೆ ದೆಹಲಿ ಮುಟ್ಟಿದ್ದು.

ಸಭೆಯ ನಿಯಮಗಳು ಮಜವಾಗಿದ್ದವು. 'ನಾನು' ಅನ್ನಬಾರದು, 'ಈ ಪ್ರತಿನಿಧಿ' ಅನ್ನಬೇಕು. ಬಾಯಿ ತಪ್ಪಿ ಕನ್ನಡ ಬಂದರೆ ಅಧ್ಯಕ್ಷರ ಸುತ್ತಿಗೆ ಏಟು, 'ಡೆಕೋರಮ್!' ಎಂಬ ಕೂಗು. ವಿಶ್ವಸಂಸ್ಥೆಗೆ ಅರಬ್ಬಿ, ಚೀನಿ, ಇಂಗ್ಲಿಷ್, ಫ್ರೆಂಚ್, ರಷ್ಯನ್, ಸ್ಪ್ಯಾನಿಷ್ ಎಂದು ಆರು ಅಧಿಕೃತ ಭಾಷೆಗಳಿವೆ. ಅಧ್ಯಕ್ಷರಿಗೆ ಅದರಲ್ಲಿ ಒಂದು ಬರುತ್ತಿತ್ತು, ಅದೂ ಅರ್ಧ.

ಊಟಕ್ಕೆ ಮುಂಚಿನ ಚರ್ಚೆ ಸುಸ್ಥಿರ ಅಭಿವೃದ್ಧಿಯ ಆರನೇ ಗುರಿಯ ಮೇಲೆ. 2030ರೊಳಗೆ ಭೂಮಿಯ ಮೇಲಿನ ಎಲ್ಲರಿಗೂ ಶುದ್ಧ ನೀರು, ಶೌಚಾಲಯ. ಬ್ರೆಜಿಲ್ ಚೆನ್ನಾಗಿ ಮಾತಾಡಿತು. ಅರಕಲಗೂಡು ದಾಟಿ ಒಳಗಿರುವ ಹಳ್ಳಿಯ ಹುಡುಗಿ, ಕೊನೇ ವರ್ಷದ ಬಿ.ಎ. ಮಾತು ಮುಗಿಸಿದವಳು ಕೂರದೆ 'ವೈಯಕ್ತಿಕ ಸವಲತ್ತಿನ ಪ್ರಶ್ನೆ' ಅಂತ ಬೋರ್ಡು ಎತ್ತಿದಳು. ಫ್ಯಾನ್ ಸದ್ದು ಜಾಸ್ತಿ, ಹಿಂದೆ ಕೇಳಿಸುತ್ತಿಲ್ಲ, ಇಂಥದ್ದನ್ನು ಹೇಳಲು ನಿಯಮದಲ್ಲೇ ಇರುವ ಅವಕಾಶ ಅದು. ಇವಳು ಹೇಳಿದ್ದು ಇಷ್ಟೇ: ಬೆಳಗ್ಗೆಯಿಂದ ಹುಡುಗಿಯರ ಟಾಯ್ಲೆಟ್ಟಿಗೆ ಬೀಗ ಹಾಕಿದೆ.

ವಿಷಯ ಅಜೆಂಡಾದಲ್ಲಿಲ್ಲ ಎಂದರು ಅಧ್ಯಕ್ಷರು. ಆಗ ಚೀನಾ ಎದ್ದಿತು. ಜಪಾನ್ ಎದ್ದಿತು. ಇಸ್ರೇಲ್, ಇರಾನ್ ಒಟ್ಟಿಗೇ ಎದ್ದವು. ಹೆಣ್ಣುಮಕ್ಕಳಿದ್ದ ದೇಶಗಳಿಷ್ಟೂ ಒಂದಾದವು. ಅಸಲಿ ವಿಶ್ವಸಂಸ್ಥೆಗೆ ಆಗದ್ದು ಒಂದು ಬೀಗಕ್ಕೆ ಆಯಿತು. ಆದರೆ ಕೀ ಆಫೀಸಿನಲ್ಲಿತ್ತು, ಆಫೀಸಿನವರು ಊಟಕ್ಕೆ ಹೋಗಿದ್ದರು. ವೀಟೋ ಇರುವುದು ಐದೇ ದೇಶಗಳ ಹತ್ತಿರ ಅಂತ ನಾನೂ ಪರೀಕ್ಷೆಯಲ್ಲಿ ಬರೆದಿದ್ದೆ. ಆರನೆಯದು ಯಾರದೋ ಸೊಂಟದ ಕೀ ಗೊಂಚಲಿನಲ್ಲಿ ನೇತಾಡುತ್ತಿದೆ ಅಂತ ಯಾವ ಮೇಷ್ಟ್ರೂ ಹೇಳಿರಲಿಲ್ಲ. ಬೀಗ ಹಾಗೇ ಇತ್ತು. ನೈರ್ಮಲ್ಯದ ನಿರ್ಣಯ ಸರ್ವಾನುಮತದಿಂದ ಪಾಸಾಯಿತು.

ಪಲಾವ್ ತಿನ್ನುವಾಗ ನೈಜೀರಿಯಾವನ್ನು ಕೇಳಿದೆ, 'ನಿಮ್ಮ ವಿದ್ಯಾರ್ಥಿ ಸಂಘದ ಅಧ್ಯಕ್ಷ ಯಾರಪ್ಪ?'

'ಇನ್ನೂ ಹಾಕಿಲ್ಲ ಸಾರ್. ಪ್ರಿನ್ಸಿಪಾಲ್ ಹಾಕ್ತಾರೆ.'

'ಕ್ಲಾಸ್ ರೆಪ್?'

'ಮಾರ್ಕ್ಸ್ ಮೇಲೆ ಸಾರ್.'

ಇದು ಹೊಸದೇನಲ್ಲ. 18 ತುಂಬಿದವರಿಗೆ ದೇಶ ವೋಟು ಕೊಟ್ಟಿದ್ದು 1989ರಲ್ಲಿ. ಹೆಚ್ಚು ಕಡಿಮೆ ಅದೇ ಹೊತ್ತಿಗೆ ಕರ್ನಾಟಕದ ಕಾಲೇಜುಗಳಲ್ಲಿ ಚುನಾವಣೆ ನಿಂತಿತು. ಗಲಾಟೆ ಆಗ್ತಿತ್ತು, ಹೊಡೆದಾಟ ಆಗ್ತಿತ್ತು, ಒಪ್ಪೋಣ. ಎಂಪಿಯನ್ನು ಆರಿಸುವಷ್ಟು ಬುದ್ಧಿ ಬಂದಿದೆ, ಕ್ಲಾಸ್ ಲೀಡರನ್ನು ಆರಿಸುವಷ್ಟು ಬಂದಿಲ್ಲ ಅನ್ನುವ ಲೆಕ್ಕ ಮಾತ್ರ ನನಗೆ ಇವತ್ತಿಗೂ ಹತ್ತಿಲ್ಲ. ಕಾಲೇಜು ಚುನಾವಣೆ ನಡೆಸಿ ಅಂತ ಲಿಂಗ್ಡೋ ಸಮಿತಿ 2006ರಲ್ಲಿ ಹೇಳಿತು, ಸುಪ್ರೀಂ ಕೋರ್ಟೂ ಒಪ್ಪಿತು. ಒಬ್ಬ ಅಭ್ಯರ್ಥಿ 5,000 ರೂಪಾಯಿಗಿಂತ ಜಾಸ್ತಿ ಖರ್ಚು ಮಾಡಬಾರದು ಎಂದೂ ಸಮಿತಿ ಹೇಳಿತ್ತು. ಅವತ್ತು ವೇದಿಕೆಯ ಒಂಬತ್ತು ಜನಕ್ಕೆ ಹಾಕಿದ ಶಾಲು, ಪೇಟ, ಹಣ್ಣಿನ ಬುಟ್ಟಿಯ ದುಡ್ಡಿನಲ್ಲಿ ಎರಡು ಚುನಾವಣೆ ಮುಗಿಸಬಹುದಿತ್ತು.

ಹಾಗಂತ ಮಕ್ಕಳಿಗೆ ಪ್ರಜಾಪ್ರಭುತ್ವ ತೋರಿಸಿಯೇ ಇಲ್ಲ ಅನ್ನೋ ಹಾಗಿಲ್ಲ. ಜನವರಿ 25ಕ್ಕೆ ಕೈ ಮುಂದೆ ಚಾಚಿ ಮತದಾರರ ಪ್ರತಿಜ್ಞೆ. ಸೆಪ್ಟೆಂಬರ್ 15ಕ್ಕೆ ಸಂವಿಧಾನದ ಪೀಠಿಕೆ ಓದು. 2024ರಲ್ಲಂತೂ ಬೀದರಿನಿಂದ ಚಾಮರಾಜನಗರದವರೆಗೆ 2,500 ಕಿಲೋಮೀಟರ್ ಮಾನವ ಸರಪಳಿಯನ್ನೇ ಮಾಡಿದರು, ಅದರಲ್ಲೂ ಶಾಲಾ ಕಾಲೇಜು ಮಕ್ಕಳೇ ಸಾಲುಸಾಲು. ಕೈ ಕೈ ಹಿಡಿದು ನಿಂತಾಗ ಒಂದು ಅನುಕೂಲ ಇದೆ. ಪ್ರಶ್ನೆ ಕೇಳಲು ಯಾರೂ ಕೈ ಎತ್ತೋಕಾಗಲ್ಲ. ನಮ್ಮ ಹಾಸನಾಂಬೆಯ ಬಾಗಿಲ ಹಾಗೆ ಇದೂ ವರ್ಷಕ್ಕೊಮ್ಮೆ ತೆಗೆದು ಮುಚ್ಚುವ ವ್ಯವಸ್ಥೆ. ಅಲ್ಲಿ ಬಾಗಿಲು ಹಾಕಿದ ಮೇಲೂ ಒಳಗೆ ದೀಪ ಉರಿಯುತ್ತಿರುತ್ತದೆ ಅನ್ನುತ್ತಾರೆ.

ಮಧ್ಯಾಹ್ನ ಅಣ್ವಸ್ತ್ರ ನಿಷೇಧದ ಚರ್ಚೆ ಕಾವೇರಿತು. ಮೂರೂವರೆಗೆ ಕೀನ್ಯಾ ಎದ್ದು ಬ್ಯಾಗು ಹೆಗಲಿಗೇರಿಸಿತು. ಸಕಲೇಶಪುರದ ಬಸ್ಸು. ಹಿಂದೆಯೇ ಅರ್ಜೆಂಟೀನಾ. ಅದಕ್ಕೆ ಆಲೂರಿನಲ್ಲಿ ಇಳಿದು ತೋಟದ ದಾರಿಯಲ್ಲಿ ನಡೆಯಬೇಕು, ಕತ್ತಲಾದರೆ ಆನೆ. ನಾಲ್ಕಕ್ಕೆ ಐದು ನಿಮಿಷ ಇದ್ದಾಗ ಬ್ರೆಜಿಲ್ ಬಾಡಿಗೆ ಬ್ಲೇಜರ್ ಬಿಚ್ಚಿ, ನೀಟಾಗಿ ಮಡಚಿ, ಬೋರ್ಡಿನ ಪಕ್ಕ ಇಟ್ಟು ಓಡಿತು. ಆ ಬಸ್ಸು ತಪ್ಪಿದರೆ ಅವಳ ಊರಿಗೆ ಇನ್ನೊಂದಿಲ್ಲ. ಐದಕ್ಕೆ ಉಳಿದಿದ್ದು 11 ದೇಶ, ಎಲ್ಲವೂ ಹಾಸನ ಟೌನಿನವು. ಅವೇ ಕೈ ಎತ್ತಿ ಅಣ್ವಸ್ತ್ರ ನಿಷೇಧಿಸಿದವು. ಅತ್ಯುತ್ತಮ ಪ್ರತಿನಿಧಿ ಪ್ರಶಸ್ತಿ ಅಮೆರಿಕಕ್ಕೆ ಹೋಯಿತು. ಅದರ ಮನೆ ಕಾಲೇಜಿನ ಹಿಂದಿನ ಬೀದಿಯಲ್ಲೇ.

ಸಮಾರೋಪಕ್ಕೆ ಇರದೆ ಹೋದ 29 ದೇಶಗಳಿಗೆ ಆ ರಾತ್ರಿಯೇ ವಾಟ್ಸಾಪಿನಲ್ಲಿ ಸೂಚನೆ ಬಂತಂತೆ. 'ಯುವ ನಾಯಕ' ಸರ್ಟಿಫಿಕೇಟು ಬೇಕಿದ್ದರೆ ಸೋಮವಾರ ಅಪ್ಪ ಅಥವಾ ಅಮ್ಮನನ್ನು ಕರೆತಂದು, ತಪ್ಪೊಪ್ಪಿಗೆ ಬರೆದುಕೊಟ್ಟು ತೆಗೆದುಕೊಂಡು ಹೋಗಬೇಕು.

ಬ್ರೆಜಿಲ್‌ನ ಅಪ್ಪ ಶುಂಠಿ ಕೆಲಸಕ್ಕೆ ಒಂದು ದಿನ ರಜೆ ಹಾಕಿ ಬಂದು, ಚೇಂಬರಿನ ಹೊರಗೆ ಚಪ್ಪಲಿ ಬಿಟ್ಟು ನಿಂತಿದ್ದರಂತೆ. ಮಗಳ ಪತ್ರವನ್ನು ಅಲ್ಲಿನ ಉಪನ್ಯಾಸಕ ಮಿತ್ರರೊಬ್ಬರು ನನಗೆ ಫೋನಿನಲ್ಲಿ ಓದಿ ಹೇಳಿದರು. ಎರಡೇ ಸಾಲು, ಕನ್ನಡದಲ್ಲಿ.

'ಈ ಪ್ರತಿನಿಧಿಯು ನಾಲ್ಕು ಗಂಟೆಯ ಬಸ್ಸಿಗೆ ಹೋಗಿದ್ದು ನಿಜ. ಟಾಯ್ಲೆಟ್ಟಿನ ಬೀಗ ಇವತ್ತೂ ತೆಗೆದಿಲ್ಲ ಎಂದು ಈ ಪ್ರತಿನಿಧಿಯು ತಮ್ಮ ಗಮನಕ್ಕೆ ತರುತ್ತಾಳೆ.'